ಹೆಸರು, ವಿಧಾನ, ಬೇಡಿಕೆ: ಹನ್ನೆರಡನೆಯ ಶತಮಾನದ ಲೋಹಕಲೆಯ ಮರು ಓದು



ಮಧ್ಯಕಾಲೀನ ಕಲೆ ಮತ್ತು ವಸ್ತು ಸಂಸ್ಕೃತಿಯ ಬಗ್ಗೆ ಈಚಿನ ದಶಕಗಳಲ್ಲಿ ನಡೆದಿರುವ ಅಧ್ಯಯನಗಳನ್ನು ಕುರಿತು ಮಾತನಾಡಬೇಕೆಂದು ಸಂಘಟಕರು ಅಪೇಕ್ಷೆಪಟ್ಟರು. ವಿಷಯ ಬಹಳ ದೊಡ್ಡದು. ಎಲ್ಲವನ್ನೂ ಮುಟ್ಟಿ ಯಾವುದನ್ನೂ ಹಿಡಿಯದೆ ಹೋಗುವುದಕ್ಕಿಂತ ಒಂದು ಸಣ್ಣ ಕಾಲಾವಧಿಯನ್ನು ಆರಿಸಿಕೊಂಡು ಅಲ್ಲಿಯೇ ನಿಲ್ಲುವುದು ಮೇಲು ಎಂದು ನನಗೆ ಅನ್ನಿಸಿತು. ಆ ಅವಧಿ 1117ರಿಂದ 1132ರವರೆಗಿನದು, ಹೆಚ್ಚೆಂದರೆ ಹದಿನೈದು ವರ್ಷ.

1117ರಲ್ಲಿ ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆಯಾಯಿತು. ಅಲ್ಲಿಯ ಶಿಲ್ಪಗಳ ಕೆಳಗೆ ಶಿಲ್ಪಿಗಳು ತಮ್ಮ ಹೆಸರನ್ನು ಕೆತ್ತಿದರು. 1129ರ ಹೊತ್ತಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಸಿದ್ಧವಾಯಿತು. ಲೋಹದ ವಿಗ್ರಹವನ್ನು ಎರಕ ಹೊಯ್ಯುವ ಬಗೆಯನ್ನು ಆ ಸಂಸ್ಕೃತ ಗ್ರಂಥ ಹೆಜ್ಜೆ ಹೆಜ್ಜೆಯಾಗಿ ಹೇಳುತ್ತದೆ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಆಶು ಎಂಬ ದಾಸಿಯನ್ನು ದಾಸ್ಯದಿಂದ ಬಿಡುಗಡೆ ಮಾಡಿ ಪತ್ರ ಬರೆಸಿದ. ಕರಾವಳಿಯ ಲೋಹದ ಕೆಲಸಗಾರರಿಗೆ ಏಡನ್ನಿನಿಂದ ಬಂದ ಬೇಡಿಕೆಗಳು ಈ ವರ್ತಕನ ಕಾಗದಗಳಲ್ಲಿ ಉಳಿದಿವೆ.

ಮೂರೂ ಒಂದೇ ತಲೆಮಾರಿನ ದಾಖಲೆಗಳು, ಮೂರೂ ಇಂದಿನ ಕರ್ನಾಟಕಕ್ಕೆ ಸೇರಿದ ನೆಲದವು. ಆದರೆ ಬೇಲೂರನ್ನು ಕಲಾ ಇತಿಹಾಸಕಾರರು ಓದುತ್ತಾರೆ, ‘ಮಾನಸೋಲ್ಲಾಸ’ವನ್ನು ಸಂಸ್ಕೃತ ವಿದ್ವಾಂಸರು ಓದುತ್ತಾರೆ, ಬೆನ್ ಯಿಜುವಿನ ಕಾಗದಗಳನ್ನು ಹೀಬ್ರೂ-ಅರಬ್ಬಿ ಬಲ್ಲವರು ಓದುತ್ತಾರೆ. ಇವನ್ನು ಒಂದೇ ಮೇಜಿನ ಮೇಲೆ ಹರಡಿಕೊಂಡು ಓದಿದರೆ ಮಾತ್ರ ನಮ್ಮ ಮಧ್ಯಕಾಲದ ಕುಶಲಕರ್ಮಿಯ ಪೂರ್ಣ ಚಿತ್ರ ಸಿಗುತ್ತದೆ ಎಂಬುದು ಇಂದಿನ ನನ್ನ ಮಾತಿನ ತಿರುಳು.

1. ಬೇಡಿಕೆ

ಕೊನೆಯದರಿಂದ ಆರಂಭಿಸುತ್ತೇನೆ, ಏಕೆಂದರೆ ಕನ್ನಡ ಓದುಗರಿಗೆ ಅದರ ಪರಿಚಯ ಕಡಿಮೆ.

ಏಡನ್ನಿನ ವರ್ತಕನೊಬ್ಬ ಬೆನ್ ಯಿಜುವಿಗೆ ಒಡೆದ ತಾಮ್ರದ ಸಾಮಾನುಗಳನ್ನು ತೂಕ ಮಾಡಿ, ಕಟ್ಟಿ, ಹಡಗಿನಲ್ಲಿ ಕಳಿಸುತ್ತಾನೆ. ಇವನ್ನು ಕರಗಿಸಿ ಇಂತಿಂಥ ಪಾತ್ರೆ ಮಾಡಿಸಿಕೊಡು ಎಂದು ಪಟ್ಟಿಯನ್ನೂ ಜೊತೆಗಿಡುತ್ತಾನೆ. ಉಳಿದ ಲೋಹದಲ್ಲಿ ಒಂದು ದೀಪಸ್ತಂಭ ಆಗಬೇಕು. ಅದರ ಕಂಬಕ್ಕೆ ಎಂಟು ಮೂಲೆ, ಕಂಬ ದಪ್ಪಗಿರಬೇಕು. ಬುಡಕ್ಕೆ ಗಟ್ಟಿಯಾದ ಕಾಲುಗಳು ಬೇಕು. ನೆತ್ತಿಯ ಮೇಲೆ ಎರಡು ಬತ್ತಿ ಹಾಕಲು ಎರಡು ಮೂತಿಯಿರುವ ಹಣತೆ ಕೂರಬೇಕು, ಅದನ್ನು ಮೇಲಕ್ಕೂ ಕೆಳಕ್ಕೂ ಸರಿಸುವಂತಿರಬೇಕು. ಬುಡ, ಕಂಬ, ಹಣತೆ ಮೂರೂ ಬಿಡಿಬಿಡಿಯಾಗಿ ಕಳಚಿಕೊಳ್ಳಬೇಕು. ಕಾಲುಗಳನ್ನು ಸುರುಳಿಯಾಗಿ ಮಾಡಲು ಬರುವುದಾದರೆ ಹಾಗೆಯೇ ಆಗಲಿ, ನೋಡಲು ಚೆನ್ನಾಗಿರುತ್ತದೆ ಎನ್ನುತ್ತಾನೆ. ಇಂಥದೇ ದೀಪವನ್ನು ಹಿಂದೆ ಮಾಡಿಸಿದ್ದ, ಈಗ ತೀರಿಹೋಗಿರುವ ಒಬ್ಬರ ಹೆಸರನ್ನೂ ನೆನೆಯುತ್ತಾನೆ.

ಇದು ಗಿರಾಕಿಯೊಬ್ಬನ ಮಾತು. ಮಧ್ಯಕಾಲದ ಭಾರತದಲ್ಲಿ ಒಂದು ವಸ್ತು ತಯಾರಾಗುವ ಮೊದಲು ಅದು ಹೇಗಿರಬೇಕೆಂದು ಗಿರಾಕಿ ಇಷ್ಟು ವಿವರವಾಗಿ ಹೇಳಿದ ದಾಖಲೆ ಬಲು ಅಪರೂಪ. ಇದರಲ್ಲಿ ಉಪಯೋಗದ ಮಾತಿದೆ: ಬಿಡಿಬಿಡಿಯಾದರೆ ಹಡಗಿನಲ್ಲಿ ಸಾಗಿಸುವುದು ಸುಲಭ. ಗಟ್ಟಿತನದ ಚಿಂತೆಯಿದೆ. ಅಂದದ ಆಸೆಯೂ ಇದೆ, ಆದರೆ ಅದು ‘ಬರುವುದಾದರೆ’ ಎಂಬ ಷರತ್ತಿನೊಂದಿಗೆ. ಅಂದರೆ ಅಂದದ ವಿಷಯದಲ್ಲಿ ಕೊನೆಯ ತೀರ್ಮಾನ ಕೆಲಸಗಾರನದು ಎಂದು ಗಿರಾಕಿಯೇ ಒಪ್ಪಿಕೊಂಡ ಹಾಗಾಯಿತು.

ನಮ್ಮ ಮನೆಗಳಲ್ಲಿ ತೂತುಬಿದ್ದ ಹಂಡೆ, ಸೀಳಿದ ತಪ್ಪಲೆಗಳನ್ನು ಪಾತ್ರೆ ಅಂಗಡಿಗೆ ತೂಕಕ್ಕೆ ಹಾಕಿ, ಮೇಲೆ ಮಜೂರಿ ಕೊಟ್ಟು ಹೊಸದನ್ನು ತರುವ ವ್ಯವಹಾರ ಹಿರಿಯರಿಗೆಲ್ಲ ಗೊತ್ತು. ಅದೇ ವ್ಯವಹಾರ ಇಲ್ಲಿ ಅರಬ್ಬೀ ಸಮುದ್ರದ ಆಚೆಗೂ ಈಚೆಗೂ ನಡೆದಿದೆ. ಹಳೆಯ ತಾಮ್ರವನ್ನು ಅಷ್ಟು ದೂರ ಕಳಿಸಿ ಹೊಸ ಪಾತ್ರೆ ತರಿಸಿಕೊಳ್ಳುವುದು ಏಡನ್ನಿನವರಿಗೆ ಲಾಭದ ಮಾತಾಗಿತ್ತು ಎಂದ ಮೇಲೆ ಈ ತೀರದ ಕೆಲಸಗಾರರ ಕೈಗೆ ಎಂಥ ಹೆಸರಿದ್ದಿರಬೇಕು ಎಂದು ಊಹಿಸಬಹುದು.

2. ಕಾಗದಗಳು ಉಳಿದ ಬಗೆ

ಬೆನ್ ಯಿಜು ಮೂಲತಃ ಇಂದಿನ ಟ್ಯುನೀಷಿಯಾದ ಮಹ್ದಿಯಾ ಪಟ್ಟಣದವನು. 1130ರ ದಶಕದ ಆರಂಭದಲ್ಲಿ ಭಾರತಕ್ಕೆ ಬಂದು, ಮಂಗಳೂರು ಹಾಗೂ ಅದರ ದಕ್ಷಿಣದ ಮಲಬಾರ್ ಬಂದರುಗಳಲ್ಲಿ ವ್ಯಾಪಾರ ಮಾಡುತ್ತ, ನಡುವೆ ಏಡನ್ನಿಗೆ ಹೋಗಿ ಬಂದು, 1149ರಲ್ಲಿ ಮಕ್ಕಳೊಂದಿಗೆ ಹಿಂದಿರುಗಿದ. ಇಲ್ಲಿಂದ ಮೆಣಸು, ಏಲಕ್ಕಿ, ಅಡಕೆ, ಕಬ್ಬಿಣ, ಲೋಹದ ಪಾತ್ರೆಗಳು ಹೋಗುತ್ತಿದ್ದವು. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿದ್ದವು. ಓಲೆಗರಿಯಲ್ಲಿ ಬರೆಯುವ ನಾಡಿನಲ್ಲಿ ಕಾಗದಕ್ಕೆ ಬರ. ಹಾಗಾಗಿ ಬೆನ್ ಯಿಜು ತನಗೆ ಬಂದ ಪತ್ರಗಳ ಹಿಂಬದಿಯಲ್ಲೇ ಲೆಕ್ಕ, ಕರಡು, ಟಿಪ್ಪಣಿ ಬರೆದುಕೊಳ್ಳುತ್ತಿದ್ದ.

ದೇವರ ಹೆಸರಿರಬಹುದಾದ ಬರಹವನ್ನು ಹರಿದು ಎಸೆಯಬಾರದು ಎಂಬ ನಂಬಿಕೆಯಿಂದ ಯಹೂದಿಗಳು ಹಳೆಯ ಕಾಗದಗಳನ್ನು ಪ್ರಾರ್ಥನಾ ಮಂದಿರದ ಒಂದು ಕೋಣೆಯಲ್ಲಿ ಹಾಕಿಡುತ್ತಿದ್ದರು. ಹಳೆಯ ಕೈರೋದ, ಅಂದರೆ ಫುಸ್ತಾತಿನ, ಬೆನ್ ಎಜ್ರಾ ಮಂದಿರದ ಇಂಥ ‘ಗೆನಿಜಾ’ದಲ್ಲಿ ಧರ್ಮಗ್ರಂಥಗಳ ಜೊತೆಗೆ ಅಂಗಡಿ ಲೆಕ್ಕ, ಮದುವೆ ಕರಾರು, ವ್ಯಾಪಾರದ ಪತ್ರಗಳೂ ಶತಮಾನಗಟ್ಟಲೆ ಬಿದ್ದಿದ್ದವು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಜ್ಜಿಗೆ ತಂದರು. ಅಲ್ಲಿಯ ಟೇಲರ್-ಶೆಕ್ಟರ್ ಸಂಗ್ರಹದಲ್ಲಿ ಸುಮಾರು 1,93,000 ತುಣುಕುಗಳಿವೆ. ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿ ಭಾಷೆಯ ಈ ಪತ್ರಗಳಿಂದ ಭಾರತದ ವ್ಯಾಪಾರಕ್ಕೆ ಸಂಬಂಧಿಸಿದವನ್ನು ಹೆಕ್ಕಿ ತೆಗೆದವರು ಎಸ್. ಡಿ. ಗೊಯ್ಟೈನ್. ಅವರು 1985ರಲ್ಲಿ ತೀರಿಕೊಂಡರು. ಅವರ ಕೆಲಸವನ್ನು ಮೊರ್ಡೆಕೈ ಫ್ರೀಡ್‌ಮನ್ ಮುಂದುವರಿಸಿ, 2008ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ದೊಡ್ಡ ಸಂಪುಟವೊಂದನ್ನು ಹೊರತಂದರು.

ನಮ್ಮಲ್ಲಿ ಈ ಕಥೆಯನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದವರು ಅಮಿತಾವ್ ಘೋಷ್. 1992ರಲ್ಲಿ ಬಂದ ಅವರ ‘ಇನ್ ಆ್ಯನ್ ಆಂಟೀಕ್ ಲ್ಯಾಂಡ್’ ಬೆನ್ ಯಿಜುವಿನ ಆಳಾಗಿದ್ದು ಅವನ ಪರವಾಗಿ ಏಡನ್ನಿಗೂ ಹೋಗಿ ವ್ಯವಹರಿಸುತ್ತಿದ್ದ ಬೊಮ್ಮನ ಜಾಡು ಹಿಡಿದು ಹೊರಟ ಪುಸ್ತಕ. ತುಳುನಾಡಿನ ಆ ಹೆಸರನ್ನು ಗುರುತಿಸುವಲ್ಲಿ ಬಿ. ಎ. ವಿವೇಕ ರೈ ಅವರ ನೆರವು ಘೋಷರಿಗೆ ಸಿಕ್ಕಿತ್ತು. ಆ ಪುಸ್ತಕದ ಗಮನ ಮನುಷ್ಯರ ಮೇಲಿತ್ತು. ಅದೇ ಕಾಗದಗಳನ್ನು ವಸ್ತುಗಳಿಗಾಗಿ ಓದುವ ಪರಿಪಾಠ ಆಮೇಲೆ ಬಲವಾಯಿತು. ಎಲಿಜಬೆತ್ ಲ್ಯಾಂಬರ್ನ್ 2018ರಲ್ಲಿ ಬೆನ್ ಯಿಜುವಿನ ಒಂದೇ ಒಂದು ಸಾಮಾನು ಪಟ್ಟಿಯನ್ನು ಇಟ್ಟುಕೊಂಡು ಇಡೀ ಗ್ರಂಥ ಬರೆದರು. ಅದು ಭಾರತದಿಂದ ಏಡನ್ನಿಗೆ ಹೊರಟಾಗ ಹಡಗಿಗೆ ಏರಿಸಿದ ಸಾಮಾನುಗಳ ಪಟ್ಟಿ: ದಿನಸಿ, ವಿನೆಗರ್, ಪಾತ್ರೆಪಗಡ, ಹಡಗಿನ ಕೋಣೆಗೆ ಹಾಕಿಕೊಳ್ಳಲು ಒಂದು ಬಾಗಿಲು. ಹಡಗಿನಲ್ಲಿ ಜಾಗ ಸಿಕ್ಕರೆ ಸಾಲದು, ಅದಕ್ಕೆ ಬಾಗಿಲನ್ನು ಪ್ರಯಾಣಿಕನೇ ಹೊಂಚಿಕೊಳ್ಳಬೇಕಿತ್ತು. ಇದನ್ನು ಯಾವ ಪ್ರವಾಸಿಯೂ ಬರೆದಿಡಲಿಲ್ಲ, ಪಟ್ಟಿ ಹೇಳಿತು.

3. ಹೆಸರು

ಈಗ ಬೇಲೂರಿಗೆ ಬರೋಣ. ಅಲ್ಲಿಯ ಮದನಿಕೆಯರ ಕೆಳಗೆ ಶಿಲ್ಪಿಗಳ ಹೆಸರು, ಊರು, ಬಿರುದುಗಳಿವೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇವರಲ್ಲಿ ಪ್ರಸಿದ್ಧರು. ಎದುರಾಳಿ ರೂವಾರಿಗಳನ್ನು ಕೆಣಕುವಂಥ ಬಿರುದುಗಳನ್ನು ಓದಿದರೆ ಇವರು ತಮ್ಮ ಕೆಲಸದ ಬಗ್ಗೆ ಎಷ್ಟು ಹೆಮ್ಮೆ ಪಡುತ್ತಿದ್ದರೆಂದು ತಿಳಿಯುತ್ತದೆ. ಮುಂದಿನ ತಲೆಮಾರುಗಳಲ್ಲಿ ಮಲ್ಲಿತಮ್ಮನ ಹೆಸರು ಅಮೃತಾಪುರ, ಸೋಮನಾಥಪುರ ಮೊದಲಾದ ಹಲವು ಕಡೆ ಕಾಣಿಸುತ್ತದೆ. ಭಾರತದ ಮಧ್ಯಕಾಲೀನ ಕಲೆ ಅನಾಮಧೇಯರದು ಎಂಬ ಹಳೆಯ ನಂಬಿಕೆಗೆ ಹೊಯ್ಸಳ ಶಿಲ್ಪಿಗಳು ತಾವೇ ಉಳಿಯ ಮೊನೆಯಲ್ಲಿ ಉತ್ತರ ಬರೆದಿದ್ದಾರೆ.

ಆದರೆ ಹೆಸರು ಗೊತ್ತಾದ ಮಾತ್ರಕ್ಕೆ ಎಲ್ಲವೂ ಗೊತ್ತಾದಂತಲ್ಲ. ದಾಸೋಜನಿಗೆ ಆ ಶಿಲ್ಪವನ್ನು ಹೀಗೇ ಮಾಡೆಂದು ಹೇಳಿದವರು ಯಾರು? ಕೂಲಿ ದಿನದ ಲೆಕ್ಕವೋ, ಶಿಲ್ಪದ ಲೆಕ್ಕವೋ? ಬಳಪದ ಕಲ್ಲನ್ನು ಆರಿಸಿದವನು ಅವನೋ, ಗಣಿಯವನೋ? ಬೇಲೂರಿನ ಹೆಸರುಗಳು ಇದಕ್ಕೆ ಬಾಯಿ ಬಿಡುವುದಿಲ್ಲ. ಏಡನ್ನಿನ ಪತ್ರದ ಸ್ಥಿತಿ ಇದಕ್ಕೆ ತಿರುಗುಮುರುಗು. ಅಲ್ಲಿ ಗಿರಾಕಿಯ ಮನಸ್ಸು ಗೊತ್ತು, ಲೋಹದ ತೂಕ ಗೊತ್ತು, ಆದರೆ ಎಂಟು ಮೂಲೆಯ ಕಂಬವನ್ನು ಎರಕ ಹೊಯ್ದವನ ಹೆಸರಿಲ್ಲ. ದೀಪವೂ ಉಳಿದಿಲ್ಲ.

ಬಳ್ಳಿಗಾವೆ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರದ ಬಳಿಯ ಊರು. ಚಾಲುಕ್ಯರ ದೊಡ್ಡ ಕೇಂದ್ರ. ಅಲ್ಲಿಯ ಕುಶಲಿಗ ಹೊಯ್ಸಳರ ಬೇಲೂರಿಗೆ ಬರುತ್ತಾನೆ. ರಾಜಮನೆತನದ ಹೆಸರಿನಲ್ಲಿ ಶೈಲಿಗಳನ್ನು ಗೂಟ ಹೊಡೆದು ವಿಂಗಡಿಸುವ ನಮ್ಮ ಪಠ್ಯಪುಸ್ತಕದ ಕ್ರಮಕ್ಕೆ ಇದೊಂದೇ ಸಂಗತಿ ಸಾಕಷ್ಟು ತೊಡಕು ತರುತ್ತದೆ. ಕಲಾವಿದ ಗಡಿ ದಾಟುತ್ತಾನೆ, ಉಪಕರಣ ದಾಟುತ್ತದೆ, ಕಚ್ಚಾವಸ್ತು ದಾಟುತ್ತದೆ. ಆ ದೀಪಸ್ತಂಭವನ್ನೇ ನೋಡಿ. ತಾಮ್ರ ಏಡನ್ನಿನದು. ಮೂರು ಭಾಗಗಳಾಗಿ ಕಳಚುವ, ಮೂಲೆಗಂಬದ ದೀಪಸ್ತಂಭದ ರೂಪ ಆ ಕಾಲದ ಇಸ್ಲಾಮಿ ನಾಡುಗಳ ಮನೆಗಳಲ್ಲಿ ಬಳಕೆಯಲ್ಲಿದ್ದದ್ದು. ಗಿರಾಕಿ ಯಹೂದಿ. ಕೈ ಮಾತ್ರ ಈ ಕರಾವಳಿಯದು. ಇದನ್ನು ಯಾವ ಶೈಲಿಯ ಕಪಾಟಿನಲ್ಲಿ ಇಡುತ್ತೀರಿ?

4. ವಿಧಾನ

ಮಾಡುವ ಬಗೆ ತಿಳಿಯಬೇಕಾದರೆ ‘ಮಾನಸೋಲ್ಲಾಸ’ಕ್ಕೆ ಹೋಗಬೇಕು. 1126ರಿಂದ 1138ರವರೆಗೆ ಆಳಿದ ಸೋಮೇಶ್ವರ ಅದರಲ್ಲಿ ರಾಜನೀತಿಯಿಂದ ಹಿಡಿದು ಅಡುಗೆ, ಬೇಟೆ, ಸಂಗೀತ, ಚಿತ್ರಕಲೆಯವರೆಗೆ ಎಲ್ಲವನ್ನೂ ಹೇಳಿದ್ದಾನೆ. ಎರಕದ ಭಾಗದಲ್ಲಿ ಮೊದಲು ಜೇನುಮೇಣದಲ್ಲಿ ವಿಗ್ರಹ ಮಾಡಬೇಕು. ಅದಕ್ಕೆ ದತ್ತೂರಿ ಹೂವಿನ ಆಕಾರದ ಬಾಯುಳ್ಳ ನಾಳಗಳನ್ನು ಕೂಡಿಸಬೇಕು. ಮೇಣವನ್ನು ತೂಗಿ, ಆ ತೂಕದ ಇಷ್ಟು ಪಟ್ಟು ಲೋಹ ಬೇಕು ಎಂದು ಲೆಕ್ಕ ಹಾಕಬೇಕು. ತಾಮ್ರಕ್ಕೊಂದು, ಬೆಳ್ಳಿಗೊಂದು, ಚಿನ್ನಕ್ಕೊಂದು ಲೆಕ್ಕ. ಸುಟ್ಟ ಹೊಟ್ಟು, ಸಣ್ಣಗೆ ಕತ್ತರಿಸಿದ ಹತ್ತಿ, ಉಪ್ಪು ಸೇರಿಸಿ ನುಣ್ಣಗೆ ಅರೆದ ಮಣ್ಣನ್ನು ಪದರ ಪದರವಾಗಿ ಬಳಿದು, ಪ್ರತಿ ಪದರವನ್ನೂ ನೆರಳಿನಲ್ಲಿ ಒಣಗಿಸಬೇಕು. ಆಮೇಲೆ ಕಾಯಿಸಿ ಮೇಣವನ್ನು ಹರಿಸಿ ತೆಗೆದು, ಆ ಪೊಳ್ಳಿಗೆ ಕರಗಿದ ಲೋಹವನ್ನು ಹೊಯ್ಯಬೇಕು.

ಇದು ಬರೀ ಶಾಸ್ತ್ರದ ಮಾತಲ್ಲ ಎಂದು ಕೈಕೆಲಸ ಬಲ್ಲವರಿಗೆ ಕೂಡಲೇ ತಿಳಿಯುತ್ತದೆ. ಹತ್ತಿಯ ಎಳೆ ಮಣ್ಣು ಬಿರಿಯದಂತೆ ತಡೆಯುತ್ತದೆ. ಹೊಟ್ಟು ಮಣ್ಣಿನಲ್ಲಿ ಸಣ್ಣ ಸಣ್ಣ ರಂಧ್ರ ಬಿಟ್ಟು ಬಿಸಿಗಾಳಿ ಹೊರಹೋಗಲು ದಾರಿ ಮಾಡುತ್ತದೆ. ಮೇಣ ತೂಗುವ ಲೆಕ್ಕವಂತೂ ಅಪ್ಪಟ ವ್ಯವಹಾರದ ಲೆಕ್ಕ: ಗಿರಾಕಿಯಿಂದ ಎಷ್ಟು ಲೋಹ ಬೇಕೆಂದು ಮೊದಲೇ ಗೊತ್ತಾಗಬೇಕಲ್ಲ. ಏಡನ್ನಿನವನು ಒಡೆದ ತಾಮ್ರವನ್ನು ತೂಗಿ ಕಳಿಸುವುದಕ್ಕೂ ಕಲ್ಯಾಣದ ಗ್ರಂಥ ಮೇಣವನ್ನು ತೂಗಿಸುವುದಕ್ಕೂ ಹಿಂದಿರುವ ಆತಂಕ ಒಂದೇ. ಲೋಹ ಕಳುವಾಗಬಾರದು, ಕಡಿಮೆ ಬೀಳಬಾರದು. ಕರಾವಳಿಯ ಕಂಚುಗಾರ ‘ಮಾನಸೋಲ್ಲಾಸ’ ಓದಿಕೊಂಡಿದ್ದ ಎಂದು ನಾನು ಹೇಳುತ್ತಿಲ್ಲ. ಕಂಚುಗಾರರ ಕೈಯಲ್ಲಿದ್ದ ವಿದ್ಯೆಯನ್ನು ಅರಮನೆ ಬರೆಸಿಕೊಂಡಿತು ಎಂಬುದೇ ಹೆಚ್ಚು ಸಂಭವ.

5. ಉಳಿದ ವಸ್ತು, ಮತ್ತು ಪ್ರಯೋಗಶಾಲೆ

ಬೆನ್ ಯಿಜು ಬರುವುದಕ್ಕೆ ಒಂದೂವರೆ ಶತಮಾನ ಮೊದಲೇ ಮಂಗಳೂರಿನ ಸುತ್ತ ಎರಕದ ಕೆಲಸ ಎಷ್ಟು ಎತ್ತರಕ್ಕೆ ಏರಿತ್ತು ಎನ್ನಲು ಕದ್ರಿಯ ಲೋಕೇಶ್ವರನೇ ಸಾಕ್ಷಿ. ಮೂರು ಮುಖ, ಆರು ಕೈಗಳ, ಕುಳಿತಿರುವ ಈ ಕಂಚಿನ ಮೂರ್ತಿಯ ಪೀಠದ ಸಂಸ್ಕೃತ ಶಾಸನ ಆಳುಪ ದೊರೆ ಕುಂದವರ್ಮ ಇದನ್ನು ಕದಿರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದನೆಂದು ಹೇಳುತ್ತದೆ. ಇದರ ಕಾಲವನ್ನು ಕ್ರಿ.ಶ. 968 ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಇಲ್ಲಿ ವಸ್ತು ಕಣ್ಣೆದುರಿಗಿದೆ, ಕೊಟ್ಟವನ ಹೆಸರಿದೆ, ಕಾಲವಿದೆ. ಎರಕ ಹೊಯ್ದವನ ಸುಳಿವಿಲ್ಲ. ಲೋಹ ಎಲ್ಲಿಂದ ಬಂತೆಂಬ ಮಾತೂ ಇಲ್ಲ.

ಲೋಹದ ಮೂಲವನ್ನು ತಿಳಿಯಲು ಈಗ ಪ್ರಯೋಗಶಾಲೆಯ ದಾರಿಯಿದೆ. ದಕ್ಷಿಣದ ಕಂಚಿನ ವಿಗ್ರಹಗಳಲ್ಲಿ ಸೀಸ ಸಾಮಾನ್ಯವಾಗಿ ಬೆರೆತಿರುತ್ತದೆ. ಸೀಸಕ್ಕೆ ನಾಲ್ಕು ಸ್ಥಿರ ಐಸೋಟೋಪುಗಳು. ಅವುಗಳ ಪ್ರಮಾಣ ಅದಿರು ಹುಟ್ಟಿದ ಭೂಸ್ತರಕ್ಕೆ ತಕ್ಕಂತೆ ಬೇರೆ ಬೇರೆ. ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಶಾರದಾ ಶ್ರೀನಿವಾಸನ್ ದಕ್ಷಿಣ ಭಾರತದ ವಿಗ್ರಹಗಳ ಸಣ್ಣ ಮಾದರಿಗಳನ್ನು ಹೀಗೆ ಪರೀಕ್ಷಿಸಿ, ಶೈಲಿಯಿಂದ ಮಾತ್ರ ನಿರ್ಧರಿಸುತ್ತಿದ್ದ ಕಾಲಗಳನ್ನು ಮತ್ತೆ ತೂಗಿ ನೋಡಿದರು. ಕಂಚಿನ ನಟರಾಜನ ರೂಪ ಚೋಳರಿಗಿಂತ ಹಿಂದೆ, ಪಲ್ಲವರ ಕಾಲದಲ್ಲೇ ಮೂಡಿತ್ತು ಎಂಬ ವಾದವನ್ನು 2004ರಲ್ಲಿ ಅವರು ಮುಂದಿಟ್ಟದ್ದು ಇದೇ ಆಧಾರದ ಬಲದಿಂದ.

ಈ ವಿಜ್ಞಾನಕ್ಕೂ ಏಡನ್ನಿನ ಪತ್ರ ಒಂದು ಎಚ್ಚರಿಕೆ ಕೊಡುತ್ತದೆ. ಒಡೆದ ಪಾತ್ರೆ ಸಮುದ್ರ ದಾಟಿ ಬಂದು ಇಲ್ಲಿಯ ಮೂಸೆಯಲ್ಲಿ ಬೇರೆ ಲೋಹದೊಂದಿಗೆ ಕರಗಿದರೆ ಎರಡು ಮೂರು ಅದಿರುಗಳ ಗುರುತು ಒಂದರಲ್ಲೊಂದು ಕಲಸಿಹೋಗುತ್ತದೆ. ತಾಮ್ರದ ಹಳೆಯ ಗಣಿಗಳ ಕುರುಹು ನಮ್ಮ ಚಿತ್ರದುರ್ಗದ ಇಂಗಳದಾಳಿನಲ್ಲಿದೆ. ತವರ ಮಾತ್ರ ದಕ್ಷಿಣದಲ್ಲಿ ಬಲು ದುರ್ಲಭ, ಮಲಯ ಪ್ರದೇಶದ ತವರಕ್ಕೆ ಆಗ ಎಲ್ಲೆಡೆ ಬೇಡಿಕೆ. ಹಾಗಿರುವಾಗ ಒಂದು ಕಂಚಿನ ವಸ್ತು ‘ಎಲ್ಲಿಯದು’ ಎಂಬ ಪ್ರಶ್ನೆಗೆ ಒಂದೇ ಊರಿನ ಹೆಸರು ಉತ್ತರವಾಗಲಾರದು. ಪ್ರಯೋಗಶಾಲೆಯ ಅಂಕಿಗಳನ್ನು ವರ್ತಕರ ಕಾಗದದ ಪಕ್ಕದಲ್ಲಿಟ್ಟು ಓದುವವನಿಗೆ ಮಾತ್ರ ಅಂಕಿಗಳ ಗೊಂದಲವೂ ಒಂದು ಮಾಹಿತಿ ಎಂದು ಹೊಳೆಯುತ್ತದೆ. ಆ ಗೊಂದಲವೇ ವ್ಯಾಪಾರದ ಗುರುತು.

ಬಟ್ಟೆಯ ವಿಷಯದಲ್ಲಿ ಇಂಥ ಜೋಡಣೆ ಆಗಲೇ ಫಲ ಕೊಟ್ಟಿದೆ. ಗೆನಿಜಾ ಇದ್ದ ಅದೇ ಫುಸ್ತಾತಿನಿಂದ ಬಂದವು ಎನ್ನಲಾದ, ಗುಜರಾತಿನ ಅಚ್ಚೊತ್ತಿದ ಹತ್ತಿ ಬಟ್ಟೆಯ ಚಿಂದಿಗಳು ಯುರೋಪಿನ ಸಂಗ್ರಹಾಲಯಗಳನ್ನು ಸೇರಿವೆ. ಆಕ್ಸ್‌ಫರ್ಡಿನ ಆ್ಯಶ್ಮೋಲಿಯನ್ ಒಂದರಲ್ಲೇ ಸುಮಾರು 1,200 ತುಣುಕುಗಳಿವೆ. ಹೆಚ್ಚಿನವು ಮಾರಾಟಗಾರರ ಕೈಯಿಂದ ಬಂದದ್ದರಿಂದ ಎಲ್ಲಿ, ಯಾವ ಪದರದಲ್ಲಿ ಸಿಕ್ಕವು ಎಂಬ ದಾಖಲೆ ಇಲ್ಲ. ರೂತ್ ಬಾರ್ನ್ಸ್ ಇವನ್ನು ಪಟ್ಟಿ ಮಾಡಿ 1997ರಲ್ಲಿ ಪ್ರಕಟಿಸಿದರು. ಇಂಗಾಲದ ಕಾಲನಿರ್ಣಯದಿಂದ ಕೆಲವು ತುಣುಕುಗಳು ಹತ್ತು-ಹನ್ನೊಂದನೆಯ ಶತಮಾನದಷ್ಟು ಹಳೆಯವೆಂದು ತಿಳಿಯಿತು. ಅಲ್ಲಿಯವರೆಗೆ ವಿದ್ವಾಂಸರು ಊಹಿಸಿದ್ದಕ್ಕಿಂತ ಇದು ಹಿಂದಿನ ಕಾಲ. ತಿಪ್ಪೆ ಸೇರಿದ್ದ ಚಿಂದಿ ಬಟ್ಟೆ ಹಿಂದೂ ಮಹಾಸಾಗರದ ವ್ಯಾಪಾರದ ಇತಿಹಾಸವನ್ನೇ ತಿದ್ದಿತು.

6. ನಮ್ಮ ಪಾಲಿನ ಕೆಲಸ

ಇದನ್ನೆಲ್ಲ ಕೇಳಿದ ಮೇಲೆ, ಕೇಂಬ್ರಿಜ್ಜು ಆಕ್ಸ್‌ಫರ್ಡುಗಳಲ್ಲಿ ನಡೆಯುವ ಕೆಲಸವನ್ನು ನಾವು ಓದಿ ಮೆಚ್ಚಿಕೊಂಡರೆ ಆಯಿತೇ ಎಂಬ ಪ್ರಶ್ನೆ ಬರುತ್ತದೆ. ನಾವು ಮಾಡಬೇಕಾದ್ದು, ನಾವು ಮಾತ್ರ ಮಾಡಬಹುದಾದ್ದು ಬೇಕಾದಷ್ಟಿದೆ.

ಮೊದಲನೆಯದು ಶಾಸನಗಳ ಮರು ಓದು. ಬಿ. ಎಲ್. ರೈಸರ ಕಾಲದಿಂದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಸಾವಿರಾರು ಶಾಸನಗಳು ಅಚ್ಚಾಗಿವೆ. ಅವನ್ನು ರಾಜವಂಶ, ಯುದ್ಧ, ಧರ್ಮಗಳಿಗಾಗಿ ಜಾಲಾಡಿದ್ದೇವೆ. ದಾನದ ವಿವರಕ್ಕೆ ಬಂದೊಡನೆ ‘ಇತ್ಯಾದಿ’ ಎಂದು ಮುಂದೆ ಸಾಗಿದ್ದೇವೆ. ನಂದಾದೀವಿಗೆಗೆ ಬಿಟ್ಟ ಎಣ್ಣೆ ಎಷ್ಟು, ದೇವರಿಗೆ ಕೊಟ್ಟ ಪಾತ್ರೆ ಯಾವುದು, ಅಕ್ಕಸಾಲಿಗರಿಗೂ ಕಂಚುಗಾರರಿಗೂ ಯಾವ ತೆರಿಗೆ, ಯಾವ ಮಾನ್ಯ ಎಂದು ಒಂದು ತಾಲ್ಲೂಕಿನ ಮಟ್ಟದಲ್ಲಾದರೂ ಪಟ್ಟಿ ಮಾಡಿದರೆ ಒಂದು ಒಳ್ಳೆಯ ಪಿಎಚ್‌.ಡಿ. ಆದೀತು. ಬೆನ್ ಯಿಜುವಿನ ಸಾಮಾನು ಪಟ್ಟಿಯಷ್ಟೇ ಬೆಲೆಬಾಳುವ ಪಟ್ಟಿಗಳು ನಮ್ಮ ಕಲ್ಲುಗಳ ಮೇಲಿವೆ.

ಎರಡನೆಯದು ಕೈಗಳ ಜ್ಞಾನ. ಎರಕದ ಕೆಲಸ ಮಾಡುವ ಕುಟುಂಬಗಳು ಕರಾವಳಿಯಲ್ಲೂ ಒಳನಾಡಿನಲ್ಲೂ ಇನ್ನೂ ಇವೆ. ಗಂಟೆ, ದೀಪ, ದೈವದ ಮೊಗ ಮಾಡುವವರಿದ್ದಾರೆ. ‘ಮಾನಸೋಲ್ಲಾಸ’ದ ಆ ಭಾಗವನ್ನು ಕನ್ನಡದಲ್ಲಿ ಅವರೆದುರು ಓದಿ, ಎಲ್ಲಿ ಹೌದು, ಎಲ್ಲಿ ಅಲ್ಲ, ಮಣ್ಣಿಗೆ ಈಗ ಏನು ಬೆರೆಸುತ್ತಾರೆ, ಎರಕ ಕೆಟ್ಟರೆ ಏನು ಮಾಡುತ್ತಾರೆ ಎಂದು ಕೇಳಿ ಬರೆದುಕೊಳ್ಳಬೇಕು. ಕೈಯಿಂದ ಗ್ರಂಥಕ್ಕೆ ಹೋದ ವಿದ್ಯೆಯನ್ನು ಸರಿಯಾಗಿ ಓದಬಲ್ಲವರು ಕೈಕೆಲಸದವರೇ. ಹೀಗೆ ತಯಾರಾದ ಲೇಖನದಲ್ಲಿ ಅವರ ಹೆಸರು ‘ಮಾಹಿತಿದಾರರು’ ಎಂದು ಕೊನೆಯ ಪುಟದಲ್ಲಿರದೆ ಲೇಖಕರ ಸಾಲಿನಲ್ಲೇ ಬರಬೇಕು. ದಾಸೋಜ ಒಂಬೈನೂರು ವರ್ಷಗಳ ಹಿಂದೆ ತಾನಾಗಿ ಗಳಿಸಿಕೊಂಡ ಹಕ್ಕು ಅದು.

ಮೂರನೆಯದು ಅತ್ಯಂತ ತುರ್ತಿನದು. ದೇವಸ್ಥಾನ, ಬಸದಿಗಳ ಜೀರ್ಣೋದ್ಧಾರದ ಹೊತ್ತಿನಲ್ಲಿ ಹಳೆಯ ದೀಪ, ತಂಬಿಗೆ, ಗಂಟೆ, ಹರಿವಾಣಗಳು ಸವೆದಿವೆ, ಒಡೆದಿವೆ ಎಂಬ ಕಾರಣಕ್ಕೆ ತೂಕಕ್ಕೆ ಹೋಗುತ್ತವೆ, ಇಲ್ಲವೇ ಕರಗಿ ಹೊಸದಾಗುತ್ತವೆ. ಇದನ್ನು ಪಾಪವೆಂದು ನಾನು ಕರೆಯಲಾರೆ. ಕರಗಿಸಿ ಮತ್ತೆ ಮಾಡುವುದು ಈ ಲೋಹದ ಸಹಜ ಬಾಳು, ಹನ್ನೆರಡನೆಯ ಶತಮಾನದಲ್ಲೂ ಹಾಗೆಯೇ ನಡೆಯಿತು. ಕೇಳುವುದು ಇಷ್ಟೇ: ಮೂಸೆಗೆ ಹಾಕುವ ಮೊದಲು ತೂಗಿ, ಅಳೆದು, ಮುಂದಿನಿಂದಲೂ ಹಿಂದಿನಿಂದಲೂ ತಳದಿಂದಲೂ ಫೋಟೊ ತೆಗೆಯಿರಿ. ಅಂಚಿನಲ್ಲಿ ಕೆತ್ತಿದ ಹೆಸರಿದ್ದರೆ ಬರೆದುಕೊಳ್ಳಿ. ಬೆಸುಗೆ, ತೇಪೆ ಎಲ್ಲೆಲ್ಲಿದೆ ಎಂದು ಗುರುತು ಹಾಕಿ. ಕಡಲೆಕಾಳಿನಷ್ಟು ಲೋಹವನ್ನು ಒಂದು ಚೀಟಿಯೊಂದಿಗೆ ಡಬ್ಬಿಯಲ್ಲಿಡಿ. ಇದಕ್ಕೆ ಯಾವ ಅನುದಾನವೂ ಬೇಡ. ಒಂದು ತಕ್ಕಡಿ, ಒಂದು ಟೇಪು, ಒಂದು ಮೊಬೈಲು, ಒಂದು ನೋಟ್‌ಪುಸ್ತಕ ಸಾಕು.

ಈ ಸಭೆಯಲ್ಲಿ ಕುಳಿತಿರುವ ಎಂ.ಎ. ವಿದ್ಯಾರ್ಥಿಗಳು ತಲಾ ಒಂದು ಊರಿನ ದೇವಸ್ಥಾನವನ್ನು ಹಂಚಿಕೊಂಡರೆ ಒಂದೇ ಶೈಕ್ಷಣಿಕ ವರ್ಷದಲ್ಲಿ ಜಿಲ್ಲೆಯ ಲೋಹವಸ್ತುಗಳ ದಾಖಲೆಯೊಂದು ಸಿದ್ಧವಾಗುತ್ತದೆ. ಮುಂದಿನ ವರ್ಷದ ಉಪನ್ಯಾಸಕ್ಕೆ ಹೊರಗಿನಿಂದ ವಿದ್ವಾಂಸರನ್ನು ಕರೆಸುವ ಬದಲು ಆ ದಾಖಲೆಯನ್ನೇ ಇಲ್ಲಿ ಓದಿಸಿ ಎಂದು ಈ ಉಪನ್ಯಾಸದ ದತ್ತಿಯನ್ನು ಇರಿಸಿದ ಕುಟುಂಬದ ಹಿರಿಯರಲ್ಲಿ ವಿನಂತಿ ಮಾಡಿಕೊಂಡು ನನ್ನ ಮಾತು ಮುಗಿಸುತ್ತೇನೆ.